ಬೆಂಬಲದ ಪಟ್ಟಿಯ ಆಚೆಗೆ ಸಂಗೀತ ತಂತ್ರಾಂಶ

ಬರ್ಲಿನ್ನಿನ ಕಂಪನಿಯೊಂದು 2014ರಲ್ಲಿ ಬಿಟ್‌ವಿಗ್ ಸ್ಟುಡಿಯೊ ಎಂಬ ಸಂಗೀತ ತಂತ್ರಾಂಶವನ್ನು ಬಿಡುಗಡೆ ಮಾಡಿತು. ತಂಬೂರಿಯನ್ನು ಒಂದು ಟ್ರ್ಯಾಕಿನಲ್ಲಿ, ಕೊಳಲನ್ನು ಇನ್ನೊಂದರಲ್ಲಿ, ಹಾಡುಗಾರ್ತಿಯ ದನಿಯನ್ನು ಮತ್ತೊಂದರಲ್ಲಿ ರೆಕಾರ್ಡ್ ಮಾಡಿ, ಬೇಡದ್ದನ್ನು ಕತ್ತರಿಸಿ, ಕೊನೆಗೆ ಎಲ್ಲವನ್ನೂ ಹದವಾಗಿ ಮಿಕ್ಸ್ ಮಾಡುವ ತನಕದ ಕೆಲಸ ಇಂಥ ತಂತ್ರಾಂಶದೊಳಗೇ ನಡೆಯುತ್ತದೆ. ವಿಂಡೋಸ್ ಮತ್ತು ಮ್ಯಾಕ್ ಜೊತೆಗೆ ಲಿನಕ್ಸ್‌ಗೂ ಇದು ಮೊದಲಿನಿಂದಲೇ ಸಿಗುತ್ತಿದೆ. ಆದರೆ ಲಿನಕ್ಸ್‌ನಲ್ಲಿ ನೂರಾರು ಬಗೆ. ಬಳಸುವವರ ಬಾಯಲ್ಲಿ ಇವಕ್ಕೆ ‘ಡಿಸ್ಟ್ರೋ’ ಎಂದು ಹೆಸರು. ಅಷ್ಟರಲ್ಲಿ ಕಂಪನಿ ಹೆಸರು ಹೇಳಿ ಬೆಂಬಲ ಕೊಡುವುದು ಉಬುಂಟು ಒಂದಕ್ಕೆ. ಅದಕ್ಕೆ ಹೊಂದುವ ‘ಡೆಬ್’ ಇನ್‌ಸ್ಟಾಲರ್ ಕೊಡುತ್ತದೆ, ಜೊತೆಗೆ ಎಲ್ಲಾದರೂ ನಡೆಯಬಲ್ಲ ಫ್ಲಾಟ್‌ಪ್ಯಾಕ್ ಎಂಬ ರೂಪದಲ್ಲೂ ಒದಗಿಸುತ್ತದೆ. ಫೆಡೋರಾ, ಓಪನ್‌ಸೂಸೆ, ಆರ್ಚ್ ಬಳಸುವವರು ಆ ಡೆಬ್ ಫೈಲನ್ನು ತಮ್ಮಲ್ಲಿ ಕೂರಿಸಲು ಹೊರಟರೆ ಅದು ಅವರ ಸ್ವಂತ ಹೊಣೆ. ಪಟ್ಟಿಯಲ್ಲಿ ತಮ್ಮ ಡಿಸ್ಟ್ರೋ ಕಾಣದಿದ್ದಾಗ ಬಹಳ ಮಂದಿ ಅಲ್ಲಿಗೇ ಕೈಬಿಡುತ್ತಾರೆ. ಅಷ್ಟು ಬೇಗ ಕೈಬಿಡಬೇಕಾಗಿಲ್ಲ ಎಂಬುದು ನನ್ನ ವಾದ. ಕಂಪನಿ ಎಲ್ಲಿ ಪರೀಕ್ಷೆ ಮಾಡಿದೆ ಎಂಬುದನ್ನಷ್ಟೇ ಅದರ ಪಟ್ಟಿ ಹೇಳುತ್ತದೆ. ಉಳಿದ ಕಡೆ ತಂತ್ರಾಂಶ ಓಡುತ್ತದೋ ಇಲ್ಲವೋ ಎಂಬುದನ್ನು ಕೆಲವೇ ಸಂಗತಿಗಳು ನಿರ್ಧರಿಸುತ್ತವೆ. ಅವನ್ನು ಸಾಮಾನ್ಯ ಬಳಕೆದಾರರೂ ಮುಂಚಿತವಾಗಿಯೇ ತಿಳಿದುಕೊಳ್ಳಬಹುದು.

ಈ ಪ್ರಶ್ನೆ ಈಗ ಹೆಚ್ಚು ಜನರ ಮನೆಬಾಗಿಲಿಗೆ ಬಂದಿರುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಸಾಕಷ್ಟು ಹೊಸ ಪ್ರೊಸೆಸರೂ ಬೇಕು. ಹೀಗಾಗಿ ಇನ್ನೂ ಗಟ್ಟಿಮುಟ್ಟಾಗಿರುವ ಎಷ್ಟೋ ಕಂಪ್ಯೂಟರುಗಳು ಹೊರಗುಳಿದವು. ಎಂಟೋ ಹತ್ತೋ ವರ್ಷದ ಹಿಂದಿನ ಒಳ್ಳೆಯ ಯಂತ್ರ ನಾಲ್ಕಾರು ಟ್ರ್ಯಾಕಿನ ಭಾವಗೀತೆಯನ್ನೋ ರಂಗಗೀತೆಯನ್ನೋ ರೆಕಾರ್ಡ್ ಮಾಡಲು ಧಾರಾಳವಾಗಿ ಸಾಕು. ಅದನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕಿಕೊಂಡವರು ಕೈಗೆ ಸಿಕ್ಕ, ಸ್ನೇಹಿತರು ಹೇಳಿದ, ತಮ್ಮ ಯಂತ್ರಕ್ಕೆ ಹಗುರವಾಗುವ ಡಿಸ್ಟ್ರೋವನ್ನೇ ಆರಿಸಿಕೊಂಡಿರುತ್ತಾರೆ. ಸಂಗೀತ ಕಂಪನಿಯ ಪಟ್ಟಿ ನೋಡಿ ಡಿಸ್ಟ್ರೋ ಆರಿಸಿಕೊಂಡವರು ಅಪರೂಪ.

ಡಿಸ್ಟ್ರೋಗಳು ಹೊರನೋಟಕ್ಕೆ ಎಷ್ಟು ಬೇರೆಯಾಗಿ ಕಂಡರೂ ಸಂಗೀತ ತಂತ್ರಾಂಶ ನಂಬಿಕೊಂಡಿರುವ ತಳಪಾಯ ಬಹುತೇಕ ಒಂದೇ. ಲಿನಕ್ಸ್ ಕರ್ನಲ್ ಎಂಬ ತಿರುಳು ಎಲ್ಲದರಲ್ಲೂ ಇದೆ. ಸೌಂಡ್ ಕಾರ್ಡಿನ ಜೊತೆ ಮಾತನಾಡುವ ಆಲ್ಸಾ 2003ರ ಕೊನೆಗೆ ಬಂದ 2.6ನೇ ಕರ್ನಲ್‌ನಿಂದ ಎಲ್ಲರಿಗೂ ಸಮಾನ. ಅದರ ಮೇಲೆ ಶಬ್ದವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹರಿಸುವ ಪದರ ಹಿಂದೆ ಒಂದೊಂದು ಕಡೆ ಒಂದೊಂದಾಗಿತ್ತು. ದಿನಬಳಕೆಗೆ ಪಲ್ಸ್‌ಆಡಿಯೊ, ಸ್ಟುಡಿಯೊ ಕೆಲಸಕ್ಕೆ ಜಾಕ್, ಎರಡನ್ನೂ ಒಟ್ಟಿಗೆ ನಡೆಸುವುದು ದೊಡ್ಡ ತಲೆನೋವು. ವಿಮ್ ಟೇಮನ್ಸ್ ಕಟ್ಟಿದ ಪೈಪ್‌ವೈರ್ ಈ ಎರಡರ ಕೆಲಸವನ್ನೂ ತಾನೇ ವಹಿಸಿಕೊಂಡಿತು. 2021ರಲ್ಲಿ ಫೆಡೋರಾ 34 ಅದನ್ನು ತನ್ನ ಮುಖ್ಯ ಧ್ವನಿವ್ಯವಸ್ಥೆ ಮಾಡಿಕೊಂಡಿತು, ಮುಂದಿನ ವರ್ಷದ 22.10ರಲ್ಲಿ ಉಬುಂಟುವೂ ಅದೇ ದಾರಿ ಹಿಡಿಯಿತು. ಅಂದರೆ ‘ಬೆಂಬಲವಿರುವ’ ಉಬುಂಟು ಮತ್ತು ‘ಬೆಂಬಲವಿಲ್ಲದ’ ಫೆಡೋರಾ ಶಬ್ದದ ವಿಷಯದಲ್ಲಿ ಹತ್ತು ವರ್ಷದ ಹಿಂದಿಗಿಂತ ಇಂದು ಹೆಚ್ಚು ಹತ್ತಿರವಾಗಿವೆ.

ಹಾಗಾದರೆ ತೊಡಕು ಎಲ್ಲಿ? ಡೆಬ್ ಫೈಲನ್ನು ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಅದು ಗುಟ್ಟಿನ ಪೆಟ್ಟಿಗೆಯೇನಲ್ಲ, ‘ಎಆರ್’ ಎಂಬ ಹಳೆಯ ಯುನಿಕ್ಸ್ ಕಟ್ಟು. ಒಳಗೆ ಮೂರು ತುಂಡುಗಳಿರುತ್ತವೆ. ಮೊದಲನೆಯದರಲ್ಲಿ 2.0 ಎಂದು ಕಟ್ಟಿನ ಆವೃತ್ತಿ ಬರೆದಿರುತ್ತದೆ, ಅಷ್ಟೆ. ಎರಡನೆಯದರಲ್ಲಿ ಈ ತಂತ್ರಾಂಶಕ್ಕೆ ಬೇರೆ ಯಾವ ಯಾವ ಪ್ಯಾಕೇಜುಗಳು ಬೇಕು ಎಂಬ ಪಟ್ಟಿ. ಮೂರನೆಯದೇ ನಿಜವಾದ ಸರಕು. ಬಿಟ್‌ವಿಗ್ ಆದರೆ ‘ಆಪ್ಟ್’ ಎಂಬ ಫೋಲ್ಡರಿನೊಳಗೆ ಕೂರಬೇಕಾದ ಇಡೀ ತಂತ್ರಾಂಶ, ಅದು ಹೊತ್ತು ತರುವ ತನ್ನದೇ ಜಾವಾ ರನ್‌ಟೈಮ್, ಮೆನುವಿನಲ್ಲಿ ಕಾಣುವ ಐಕಾನು ಎಲ್ಲ ಅಲ್ಲಿವೆ. ಫೆಡೋರಾ ಈ ಕಟ್ಟನ್ನು ನೇರವಾಗಿ ತೆಗೆದುಕೊಳ್ಳದು, ಏಕೆಂದರೆ ಅದರ ಪ್ಯಾಕೇಜುಗಳು ಆರ್‌ಪಿಎಂ ಎಂಬ ಬೇರೆ ಕಟ್ಟಿನಲ್ಲಿ ಬರುತ್ತವೆ. ಆದರೆ ಕಟ್ಟು ಬಿಚ್ಚಿ ಮೂರನೆಯ ತುಂಡನ್ನು ಫೋಲ್ಡರಿನಲ್ಲಿ ಹರಡಿದರೆ ಒಳಗಿರುವುದು ಬಹುತೇಕ ಎಲ್ಲ ಲಿನಕ್ಸ್‌ಗೂ ಅರ್ಥವಾಗುವ ಸಾಮಾನ್ಯ ಕಾರ್ಯಕಡತವೇ. ಆರ್ಚ್ ಬಳಕೆದಾರರು ಹಂಚಿಕೊಳ್ಳುವ ಬಿಟ್‌ವಿಗ್ ಪ್ಯಾಕೇಜ್ ಮಾಡುವುದೂ ಇದನ್ನೇ. ಕಂಪನಿಯ ಡೆಬ್ ಫೈಲನ್ನು ತಂದು, ಅದು ಮಾರ್ಗಮಧ್ಯೆ ಬದಲಾಗಿಲ್ಲವೆಂದು ತಾಳೆ ನೋಡಿ, ಬಿಚ್ಚಿ, ಸರಿಯಾದ ಜಾಗದಲ್ಲಿಡುತ್ತದೆ.

ಎರಡನೆಯ ತುಂಡಿನಲ್ಲಿರುವ ಪಟ್ಟಿ ಮಾತ್ರ ಉಬುಂಟುವಿನ ಭಾಷೆಯಲ್ಲಿರುತ್ತದೆ. ಆಲ್ಸಾದ ಲೈಬ್ರರಿಯನ್ನು, ಅಂದರೆ ಬೇರೆ ಬೇರೆ ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಂಕೇತದ ಕಟ್ಟನ್ನು, ಉಬುಂಟು ‘ಲಿಬ್‌ಅಸೌಂಡ್2’ ಎಂದರೆ ಫೆಡೋರಾ ‘ಆಲ್ಸಾ-ಲಿಬ್’ ಎನ್ನುತ್ತದೆ. ಸರಕು ಒಂದೇ, ಹೆಸರು ಎರಡು. ಈ ಹೆಸರಿನ ತಕರಾರು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಉಬುಂಟು 24.04 ಒಳ್ಳೆಯ ನಿದರ್ಶನ. ಹಳೆಯ 32 ಬಿಟ್ ವ್ಯವಸ್ಥೆಗಳ ಕಾಲಗಣನೆ 2038ರ ಜನವರಿ 19ಕ್ಕೆ ಮುಗಿದುಹೋಗುತ್ತದೆ. ಅದನ್ನು ಸರಿಪಡಿಸಲು ಡೆಬಿಯನ್ ಎಂಬ ಡಿಸ್ಟ್ರೋ ಮತ್ತು ಉಬುಂಟು ನೂರಾರು ಲೈಬ್ರರಿಗಳನ್ನು ಮತ್ತೆ ಕಟ್ಟಿದವು, ಗುರುತಿಗಾಗಿ ಹೆಸರಿನ ಕೊನೆಗೆ ‘ಟಿ64’ ಸೇರಿಸಿದವು. ಲಿಬ್‌ಅಸೌಂಡ್2 ಹೀಗೆ ಲಿಬ್‌ಅಸೌಂಡ್2ಟಿ64 ಆಯಿತು. ನಮ್ಮ ಮನೆಗಳಲ್ಲಿರುವ 64 ಬಿಟ್ ಕಂಪ್ಯೂಟರುಗಳಲ್ಲಿ ಕಾಲಗಣನೆ ಮೊದಲೇ 64 ಬಿಟ್ ಆಗಿತ್ತು. ಅಲ್ಲಿ ಲೈಬ್ರರಿ ಹೊರಗಿನ ತಂತ್ರಾಂಶಗಳ ಜೊತೆ ಮಾತನಾಡುವ ರೀತಿ ಬದಲಾಗಲಿಲ್ಲ, ಹೆಸರಷ್ಟೇ ಬದಲಾಯಿತು. ಆದರೂ ಹಳೆಯ ಹೆಸರಿನಿಂದ ಇನ್‌ಸ್ಟಾಲ್ ಮಾಡಲು ಹೊರಟವರಿಗೆ, ಅದು ಈಗ ಹೆಸರಿಗಷ್ಟೇ ಇರುವ ಪ್ಯಾಕೇಜ್, ಒದಗಿಸುವವರಲ್ಲಿ ಒಬ್ಬರನ್ನು ಆರಿಸಿ ಎಂಬ ಉತ್ತರ ಬಂತು. ಇದು ಬೆಂಬಲವಿರುವ ಉಬುಂಟುವಿನಲ್ಲೇ ನಡೆದದ್ದು. ಪಟ್ಟಿಯೊಳಗಿನವರಿಗೂ ಆಗಬಹುದಾದ ತೊಂದರೆ ಪಟ್ಟಿಯ ಹೊರಗಿನವರಿಗೆ ಆದಾಗ ಅದನ್ನು ಡಿಸ್ಟ್ರೋದ ದೋಷವೆಂದು ಬಗೆಯುವುದು ಸರಿಯಲ್ಲ.

ಫೆಡೋರಾದಲ್ಲಿ ಬಿಟ್‌ವಿಗ್ ಬಿಚ್ಚಿಟ್ಟವರಲ್ಲಿ ಬಹಳ ಮಂದಿ ಎದುರಿಸಿದ ತಡೆ ಇನ್ನೂ ಸ್ವಾರಸ್ಯದ್ದು. ತಂತ್ರಾಂಶ ತೆರೆಯಲಿಲ್ಲವೆಂದರೆ ಟರ್ಮಿನಲ್‌ನಲ್ಲಿ ‘ಎಲ್‌ಡಿಡಿ’ ಎಂಬ ಆದೇಶ ಕೊಟ್ಟು ಅದರ ಕಾರ್ಯಕಡತದ ಹೆಸರು ಹೇಳಿದರೆ ಸಾಕು, ಅದು ಕೇಳುವ ಲೈಬ್ರರಿಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ಮೂಡುತ್ತವೆ. ಪ್ರತಿ ಸಾಲಿನ ಎದುರು ಆ ಲೈಬ್ರರಿ ಎಲ್ಲಿದೆ ಎಂಬ ವಿಳಾಸ. ಒಂದು ಸಾಲಿನ ಎದುರು ಮಾತ್ರ ‘ನಾಟ್ ಫೌಂಡ್’ ಎಂದಿರುತ್ತದೆ. ಅದೇ ‘ಲಿಬ್‌ಬಿಝೆಡ್2.ಎಸ್ಒ.1.0’. ಫೈಲುಗಳನ್ನು ಕುಗ್ಗಿಸಲು 1996ರಿಂದ ಬಳಕೆಯಲ್ಲಿರುವ ಬಿಝಿಪ್2ರ ಲೈಬ್ರರಿ ಅದು. ಫೆಡೋರಾದಲ್ಲಿ ಅದು ಇಲ್ಲವೇ? ಖಂಡಿತ ಇದೆ. ಆದರೆ ಅಲ್ಲಿ ಅದರ ಹೆಸರು ‘ಲಿಬ್‌ಬಿಝೆಡ್2.ಎಸ್ಒ.1’. ಮೂಲ ಲೇಖಕರು ಇಟ್ಟ 1.0 ಎಂಬ ಗುರುತನ್ನು ಡೆಬಿಯನ್ ಬಳಗ ಹಾಗೆಯೇ ಉಳಿಸಿಕೊಂಡಿತು. ಫೆಡೋರಾ ಬಳಗ ಲೈಬ್ರರಿಗಳಿಗೆ ಹೆಸರಿಡುವ ಸಾಮಾನ್ಯ ರೂಢಿಗೆ ತಕ್ಕಂತೆ ಅದನ್ನು 1 ಎಂದು ತಿದ್ದಿತು. ಒಂದು ಚುಕ್ಕಿ ಮತ್ತು ಒಂದು ಸೊನ್ನೆ ಹೆಚ್ಚುಕಡಿಮೆಯಾದದ್ದಕ್ಕೆ ಇಡೀ ಸ್ಟುಡಿಯೊ ತೆರೆಯದೆ ನಿಂತುಬಿಡುತ್ತದೆ. ಇರುವ ಲೈಬ್ರರಿಗೆ ಕೇಳಿದ ಹೆಸರಿನಲ್ಲಿ ಒಂದು ಕೊಂಡಿ ಹಾಕಿಕೊಟ್ಟರೆ ತಡೆ ಸರಿಯುತ್ತದೆ. ಆ ಕೊಂಡಿಯನ್ನು ವ್ಯವಸ್ಥೆಯ ಸ್ವಂತ ಫೋಲ್ಡರಿನಲ್ಲಿ ಹಾಕದೆ ತಂತ್ರಾಂಶಕ್ಕೆಂದೇ ಬೇರೆ ಫೋಲ್ಡರು ಮಾಡಿ ಅದರಲ್ಲಿಟ್ಟು, ತಂತ್ರಾಂಶ ಶುರುವಾಗುವಾಗ ಅಲ್ಲಿ ಹುಡುಕುವಂತೆ ಹೇಳುವುದು ಒಳ್ಳೆಯದು. ನಾಳೆ ತಂತ್ರಾಂಶ ಬೇಡವಾದರೆ ಆ ಫೋಲ್ಡರು ಅಳಿಸಿದರಾಯಿತು, ವ್ಯವಸ್ಥೆಯಲ್ಲಿ ಕುರುಹೂ ಉಳಿಯದು.

ಇಂಥ ಹೆಸರಿನ ತೊಡಕುಗಳಿಗೂ ನಿಜವಾದ ಅಸಾಧ್ಯಕ್ಕೂ ವ್ಯತ್ಯಾಸ ತಿಳಿದಿರಬೇಕು. ಅಸಾಧ್ಯಗಳಲ್ಲಿ ಮುಖ್ಯವಾದದ್ದು ಜಿಲಿಬ್‌ಸಿ. ತಂತ್ರಾಂಶಕ್ಕೂ ಕರ್ನಲ್‌ಗೂ ನಡುವೆ ನಿಂತು ಮೆಮೊರಿ, ಫೈಲು, ಗಣಿತದಂಥ ಮೂಲ ಕೆಲಸ ನೋಡಿಕೊಳ್ಳುವ ಲೈಬ್ರರಿ ಇದು. ಇದನ್ನು ಬೆಳೆಸುವವರು ಒಂದು ವ್ರತವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತ ಬಂದಿದ್ದಾರೆ. ಹಳೆಯ ಜಿಲಿಬ್‌ಸಿಯ ಮೇಲೆ ಕಟ್ಟಿದ ತಂತ್ರಾಂಶ ಹೊಸದರ ಮೇಲೆ ಓಡಲೇಬೇಕು. ತಿರುಗುಮುರುಗಿಗೆ ಮಾತ್ರ ಭರವಸೆಯಿಲ್ಲ. ಉಬುಂಟು 20.04ರಲ್ಲಿ ಇದರ ಆವೃತ್ತಿ 2.31, 22.04ರಲ್ಲಿ 2.35, 24.04ರಲ್ಲಿ 2.39. ಡೆಬಿಯನ್ 12ರಲ್ಲಿ 2.36. ಹೀಗಾಗಿ ಉಬುಂಟು 22.04ರ ಮೇಲೆ ಕಟ್ಟಿದ ತಂತ್ರಾಂಶ ಡೆಬಿಯನ್ 12ರಲ್ಲಿ ಜಿಲಿಬ್‌ಸಿಯ ಮಟ್ಟಿಗೆ ತಕರಾರಿಲ್ಲದೆ ನಡೆಯುತ್ತದೆ, 2.31 ಇರುವ ಡೆಬಿಯನ್ 11ರಲ್ಲಿ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂಬಂಥ ಸಂದೇಶ ಕೊಟ್ಟು ನಿಂತುಬಿಡುವ ಸಾಧ್ಯತೆಯೇ ಹೆಚ್ಚು. 2021ರಲ್ಲಿ ಬಂದ 2.34ರಲ್ಲಿ ಹಿಂದೆ ಬೇರೆಯಾಗಿದ್ದ ಕೆಲವು ಲೈಬ್ರರಿಗಳನ್ನು ಮುಖ್ಯ ಲೈಬ್ರರಿಯೊಳಗೇ ಸೇರಿಸಿದ್ದರಿಂದ ಆ ಸಂಖ್ಯೆ ಇಂಥ ಸಂದೇಶಗಳಲ್ಲಿ ಪದೇಪದೇ ಕಾಣುತ್ತದೆ. ಆದ್ದರಿಂದ ನಿಮ್ಮ ಡಿಸ್ಟ್ರೋ ಕಂಪನಿಯ ಪಟ್ಟಿಯಲ್ಲಿರುವುದಕ್ಕಿಂತ ಹೊಸದಾದರೆ ಧೈರ್ಯ ಮಾಡಬಹುದು, ಹಳೆಯದಾದರೆ ಮೊದಲು ಡಿಸ್ಟ್ರೋವನ್ನೇ ಮೇಲ್ದರ್ಜೆಗೆ ಏರಿಸಬೇಕು. ಜಿಲಿಬ್‌ಸಿಯ ಫೈಲನ್ನು ಎಲ್ಲಿಂದಲೋ ತಂದು ಬದಲಿಸಲು ಹೋದರೆ ಕಂಪ್ಯೂಟರು ಮತ್ತೆ ಶುರುವಾಗದೇ ಹೋಗಬಹುದು. ಅಲ್ಪೈನ್‌ನಂಥ ಡಿಸ್ಟ್ರೋಗಳು ಜಿಲಿಬ್‌ಸಿಯ ಬದಲು ಮಸ್ಲ್ ಎಂಬ ಬೇರೆ ಲೈಬ್ರರಿ ಬಳಸುತ್ತವೆ. ಅಲ್ಲಿ ಇಂಥ ತಂತ್ರಾಂಶ ನೇರವಾಗಿ ಓಡುವುದಿಲ್ಲ. ನಿಕ್ಸ್‌ಓಎಸ್ ತನ್ನ ಫೈಲುಗಳನ್ನು ಎಲ್ಲರೂ ಇಡುವ ಜಾಗದಲ್ಲಿ ಇಡುವುದೇ ಇಲ್ಲವಾದ್ದರಿಂದ ಅಲ್ಲಿ ಬೇರೆಯೇ ವಿಧಾನ ಬೇಕು.

ತೆರೆದುಕೊಂಡ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ಬರೆಯುವ, ಲೆಕ್ಕ ಮಾಡುವ ತಂತ್ರಾಂಶಕ್ಕೆ ತೆರೆದುಕೊಂಡರೆ ಸಾಕು. ಸಂಗೀತದ ತಂತ್ರಾಂಶಕ್ಕೆ ಸಮಯ ತಪ್ಪಬಾರದು. ಸೆಕೆಂಡಿಗೆ 48,000 ಮಾದರಿಗಳಂತೆ ಶಬ್ದ ಹರಿಯುವಾಗ ಕಂಪ್ಯೂಟರು ಅದನ್ನು ತುತ್ತುತುತ್ತಾಗಿ ತೆಗೆದುಕೊಳ್ಳುತ್ತದೆ. ತುತ್ತಿನ ಗಾತ್ರ 1024 ಆದರೆ ಸುಮಾರು 21 ಮಿಲಿಸೆಕೆಂಡು ತಡ, 256 ಆದರೆ ಸುಮಾರು 5. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ ಎಂಬುದನ್ನು ನೆನೆದರೆ, ಮೊದಲನೆಯದು ಏಳು ಮೀಟರ್ ಆಚೆ ಕೂತ ಮೃದಂಗದವರ ಜೊತೆ ಹಾಡಿದ ಹಾಗೆ, ಎರಡನೆಯದು ಎರಡು ಮೀಟರಿನೊಳಗೆ ಪಕ್ಕದಲ್ಲೇ ಕೂತವರ ಜೊತೆ ಹಾಡಿದ ಹಾಗೆ. ವೇಗದ ಕಾಲದಲ್ಲಿ ಹಾಡುವವರಿಗೆ ಈ ಅಂತರ ಚೆನ್ನಾಗಿಯೇ ತಿಳಿಯುತ್ತದೆ. ತುತ್ತು ಚಿಕ್ಕದಾದಷ್ಟೂ ಗಡುವು ಬಿಗಿ, ಅದರೊಳಗೆ ಕಂಪ್ಯೂಟರು ಕೆಲಸ ಮುಗಿಸಲೇಬೇಕು. ಆಗದಿದ್ದರೆ ಶಬ್ದದಲ್ಲಿ ಚಿಟ್‌ಚಿಟ್ ಎಂಬ ಒಡಕು ಕೇಳಿಸುತ್ತದೆ.

ಬೆಂಬಲವಿಲ್ಲದ ಡಿಸ್ಟ್ರೋದಲ್ಲಿ ಈ ಒಡಕು ಕೇಳಿಸಿದಾಗ ತಂತ್ರಾಂಶವೇ ಇಲ್ಲಿಗೆ ಹೊಂದುವುದಿಲ್ಲ ಎಂದು ತೀರ್ಮಾನಿಸುವವರು ಬಹಳ. ಹೆಚ್ಚಿನ ಸಲ ಕಾರಣ ಬೇರೆ ಇರುತ್ತದೆ. ಶಬ್ದದ ಕೆಲಸಕ್ಕೆ ಉಳಿದೆಲ್ಲ ಕೆಲಸಕ್ಕಿಂತ ಮೊದಲ ಸರದಿ ಕೇಳುವ ಹಕ್ಕನ್ನು ಲಿನಕ್ಸ್ ಎಲ್ಲ ಬಳಕೆದಾರರಿಗೂ ತಾನಾಗಿ ಕೊಡುವುದಿಲ್ಲ. ಡೆಬಿಯನ್ ಬಳಗದಲ್ಲಿ ರೂಢಿಯಲ್ಲಿ ಇದಕ್ಕೆ ‘ಆಡಿಯೋ’ ಎಂಬ ಗುಂಪಿದೆ, ಆರ್ಚ್ ಮತ್ತು ಫೆಡೋರಾದಲ್ಲಿ ‘ರಿಯಲ್‌ಟೈಮ್’ ಎಂಬ ಗುಂಪು, ಅದನ್ನು ಸಿದ್ಧಮಾಡುವ ಪುಟ್ಟ ಪ್ಯಾಕೇಜು. ನಿಮ್ಮ ಹೆಸರನ್ನು ಆ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬಂದರೆ ಬಹುಪಾಲು ಒಡಕು ನಿಲ್ಲುತ್ತದೆ. ಇನ್ನೂ ದೊಡ್ಡ ಬದಲಾವಣೆ ಕರ್ನಲ್‌ನಲ್ಲೇ ಆಗಿದೆ. ಗಡುವು ತಪ್ಪದ ಕೆಲಸಕ್ಕೆ ಬೇಕಾದ ‘ಪ್ರಿಎಂಪ್ಟ್ ಆರ್‌ಟಿ’ ಎಂಬ ಜೋಡಣೆ ಸುಮಾರು ಇಪ್ಪತ್ತು ವರ್ಷ ಹೊರಗಿನ ತೇಪೆಯಾಗಿಯೇ ಉಳಿದಿತ್ತು. ಅದು ಬೇಕಾದವರು ವಿಶೇಷ ಕರ್ನಲ್ ಹುಡುಕಬೇಕಿತ್ತು, ಇಲ್ಲವೇ ಸಂಗೀತಕ್ಕೆಂದೇ ಮಾಡಿದ ಡಿಸ್ಟ್ರೋ ಬಳಸಬೇಕಿತ್ತು. 2024ರ ನವೆಂಬರಿನಲ್ಲಿ ಬಂದ 6.12ನೇ ಕರ್ನಲ್‌ನಿಂದ ಅದು ಮೂಲದಲ್ಲೇ ಸೇರಿದೆ. ಮನೆಯ ಸಾಮಾನ್ಯ ರೆಕಾರ್ಡಿಂಗಿಗೆ ಅದನ್ನು ಆನ್ ಮಾಡುವ ಅಗತ್ಯವೂ ಹೆಚ್ಚಾಗಿ ಬೀಳುವುದಿಲ್ಲ. ಇಷ್ಟಂತೂ ನಿಜ, ಸಂಗೀತಕ್ಕೆ ಒಂದೇ ಡಿಸ್ಟ್ರೋ ಯೋಗ್ಯ ಎನ್ನಲು ಇದ್ದ ತಾಂತ್ರಿಕ ಕಾರಣಗಳು ಒಂದೊಂದಾಗಿ ಕಳಚುತ್ತಿವೆ.

ಹೀಗಿದ್ದರೂ ಉಬುಂಟುವನ್ನೇ ಹಾಕಿಕೊಂಡು ನೆಮ್ಮದಿಯಾಗಿರಬಾರದೇ ಎಂದು ಕೇಳುವವರಿದ್ದಾರೆ. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಹೊಸದಾಗಿ ಲಿನಕ್ಸ್‌ಗೆ ಬರುತ್ತಿರುವವರು, ಅದರಲ್ಲೂ ಸಂಗೀತಕ್ಕೆಂದೇ ಬರುತ್ತಿರುವವರು ಉಬುಂಟುವನ್ನೇ ಆರಿಸಿಕೊಳ್ಳುವುದು ಜಾಣತನ. ಆದರೆ ಈಗಾಗಲೇ ಬೇರೆ ಡಿಸ್ಟ್ರೋದಲ್ಲಿ ಲೆಕ್ಕಪತ್ರ, ಮಕ್ಕಳ ಓದು, ಕನ್ನಡ ಟೈಪಿಂಗ್ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಕೊಂಡವರಿಗೆ ಒಂದು ತಂತ್ರಾಂಶಕ್ಕಾಗಿ ಇಡೀ ವ್ಯವಸ್ಥೆ ಬದಲಿಸಿ ಎನ್ನುವುದು ಭಾರದ ಸಲಹೆ. ಬೆಂಬಲಕ್ಕೂ ಆಯುಷ್ಯ ಇದೆ ಎಂಬುದನ್ನು ಮರೆಯಬಾರದು. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಸಾಮಾನ್ಯವಾಗಿ ಐದು ವರ್ಷದ ಬೆಂಬಲ, ಸಂಗೀತ ಕಂಪನಿಗಳು ಅದಕ್ಕೂ ಮುಂಚೆಯೇ ತಮ್ಮ ಪಟ್ಟಿ ಬದಲಿಸುವುದುಂಟು. 2023ರಲ್ಲಿ ಸ್ಟುಡಿಯೊ ಒನ್ ಎಂಬ ಸಂಗೀತ ತಂತ್ರಾಂಶದ 6.5ನೇ ಆವೃತ್ತಿ ಲಿನಕ್ಸ್‌ಗೆ ಪ್ರಾಯೋಗಿಕವಾಗಿ ಬಂದಾಗ ಅದು ಹೆಸರಿಸಿದ್ದು ಉಬುಂಟು 22.04, ಅದರಲ್ಲೂ ವೇಲ್ಯಾಂಡ್ ಎಂಬ ಪರದೆ ವ್ಯವಸ್ಥೆ. ಪಟ್ಟಿ ಅಷ್ಟು ಕಿರಿದಾಗಿರುವಾಗ ಇಂದು ಒಳಗಿರುವವರು ನಾಳೆ ಹೊರಗಿರುತ್ತಾರೆ. ಉಬುಂಟುವನ್ನೇ ಆಧರಿಸಿ ಮಾಡಿದ ಲಿನಕ್ಸ್ ಮಿಂಟ್ ಹೆಚ್ಚಿನ ಪಟ್ಟಿಗಳಲ್ಲಿ ಕಾಣುವುದಿಲ್ಲ, ಆದರೆ ಅದು ಉಬುಂಟುವಿನ ಪ್ಯಾಕೇಜುಗಳನ್ನೇ ಬಳಸುತ್ತದೆ. ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಸೌಲಭ್ಯವಿರುವ ನಮ್ಮದೇ ಬಾಸ್ ಲಿನಕ್ಸ್ ಡೆಬಿಯನ್ ಆಧಾರಿತ. ಡೆಬ್ ಫೈಲುಗಳು ಅದಕ್ಕೆ ಹೊಸತಲ್ಲ. ನೋಡಬೇಕಾದದ್ದು ಜಿಲಿಬ್‌ಸಿಯ ಆವೃತ್ತಿಯನ್ನು. ಬರ್ಲಿನ್ನಿನ ಯಾವ ಕಂಪನಿಯ ಪಟ್ಟಿಯಲ್ಲೂ ಬಾಸ್ ಹೆಸರು ಬರುವುದನ್ನು ಕಾಯುತ್ತ ಕೂರಬೇಕಾಗಿಲ್ಲ.

ಮುಕ್ತ ತಂತ್ರಾಂಶದ ಅಭಿಮಾನಿಗಳ ಆಕ್ಷೇಪ ಇನ್ನೊಂದು ದಿಕ್ಕಿನದು. ಆರ್ಡರ್ ಎಂಬ ಒಳ್ಳೆಯ ರೆಕಾರ್ಡಿಂಗ್ ತಂತ್ರಾಂಶ ಹೆಚ್ಚುಕಡಿಮೆ ಎಲ್ಲ ಡಿಸ್ಟ್ರೋಗಳ ಭಂಡಾರದಲ್ಲೂ ಇರುವಾಗ ಹಣ ಕೊಟ್ಟು, ಕಟ್ಟು ಬಿಚ್ಚಿ ಒದ್ದಾಡುವುದೇಕೆ? ಕಚೇರಿಯ ರೆಕಾರ್ಡಿಂಗ್, ಪಾಡ್‌ಕಾಸ್ಟ್, ಹಾಡಿನ ಮಿಕ್ಸಿಂಗ್‌ಗೆ ಆರ್ಡರ್ ಸಾಕು ಎಂಬುದನ್ನು ನಾನೂ ಒಪ್ಪುತ್ತೇನೆ. 2018ರಲ್ಲಿ ಮುಕ್ತ ತಂತ್ರಾಂಶವಾದ ಸರ್ಜ್ ಎಂಬ ಸಿಂಥೆಸೈಜರ್ ಪ್ಲಗಿನ್ (ಮುಖ್ಯ ತಂತ್ರಾಂಶದೊಳಗೆ ಕೂರುವ ಪುಟ್ಟ ತಂತ್ರಾಂಶ) ಅದರ ಜೊತೆ ಸೇರಿದರೆ, ಸಮಾನ ಅಂತರದ 12 ಸ್ವರಗಳ ಕಟ್ಟಿನಿಂದ ಹೊರಬಂದು ನಮ್ಮ ಶ್ರುತಿಗಳಿಗೆ ತಕ್ಕಂತೆ ಸ್ವರಸ್ಥಾನಗಳನ್ನು ಹೊಂದಿಸಿಕೊಳ್ಳುವುದೂ ಸಾಧ್ಯ. ಆದರೆ ಆರ್ಡರ್ ತಂಡದ ನಿಲುವು ಇಲ್ಲಿ ಗಮನಿಸಬೇಕಾದದ್ದು. ಡಿಸ್ಟ್ರೋಗಳು ಕಟ್ಟಿಕೊಡುವ ಆರ್ಡರ್‌ಗೆ ಆ ತಂಡ ಬೆಂಬಲ ಕೊಡುವುದಿಲ್ಲ. ಬೇಕಾದ ಲೈಬ್ರರಿಗಳನ್ನೆಲ್ಲ ತನ್ನೊಳಗೇ ತುಂಬಿಕೊಂಡು ಬರುವ ತನ್ನ ಅಧಿಕೃತ ಕಟ್ಟನ್ನೇ ಬಳಸಿ ಎನ್ನುತ್ತದೆ. ಮೂಲಸಂಕೇತ ತೆರೆದಿರುವ ತಂತ್ರಾಂಶಕ್ಕೂ ಬೆಂಬಲದ ಗೆರೆ ಇದ್ದೇ ಇದೆ ಎಂದಾಯಿತು. ರೀಪರ್ ಎಂಬ ಇನ್ನೊಂದು ರೆಕಾರ್ಡಿಂಗ್ ತಂತ್ರಾಂಶ ಕೂಡ ಹೆಚ್ಚುಕಡಿಮೆ ಹೀಗೆಯೇ. ಕುಗ್ಗಿಸಿದ ಒಂದು ಫೋಲ್ಡರ್ ಕೊಡುತ್ತದೆ, ಬಿಚ್ಚಿದ ಜಾಗದಿಂದಲೇ ಓಡುತ್ತದೆ. ಡಿಸ್ಟ್ರೋ ಯಾವುದೆಂಬ ಪ್ರಶ್ನೆಗೆ ಅತ್ಯಂತ ಒಳ್ಳೆಯ ಉತ್ತರ ಕೊಟ್ಟಿರುವವರು ಈ ಎರಡು ತಂಡದವರು. ಉಳಿದ ಕಂಪನಿಗಳೂ ಡೆಬ್ ಜೊತೆ ಇಂಥ ಸರಳ ಕಟ್ಟೊಂದನ್ನು ಕೊಟ್ಟರೆ ಅವುಗಳಿಗೆ ಹೊರೆಯೂ ಕಡಿಮೆ, ಬಳಕೆದಾರರ ಪಾಡೂ ಕಡಿಮೆ.

ಭದ್ರತೆಯ ಆಕ್ಷೇಪವೇ ಇವೆಲ್ಲಕ್ಕಿಂತ ಗಂಭೀರ. ಪಟ್ಟಿಯಾಚೆ ನಡೆಯುವವರು ಕಂಡಕಂಡಲ್ಲಿ ಸಿಕ್ಕಿದ ಲೈಬ್ರರಿ, ಸ್ಕ್ರಿಪ್ಟುಗಳನ್ನು ನಂಬಿ ಕೆಡುತ್ತಾರೆ ಎನ್ನುವುದರಲ್ಲಿ ಹುರುಳಿದೆ. 2025ರ ಜುಲೈಯಲ್ಲಿ ಆರ್ಚ್ ಬಳಕೆದಾರರ ಹಂಚಿಕೆ ಭಂಡಾರದಲ್ಲಿ ಬ್ರೌಸರಿನ ತಿದ್ದುಪಡಿ ಎಂಬ ವೇಷದಲ್ಲಿ ಬಂದ ಮೂರು ಪ್ಯಾಕೇಜುಗಳು, ದೂರದಿಂದಲೇ ಕಂಪ್ಯೂಟರನ್ನು ಕೈವಶ ಮಾಡಿಕೊಳ್ಳುವ ದುರುದ್ದೇಶದ ತಂತ್ರಾಂಶವನ್ನು ಹೊತ್ತಿದ್ದವು. ಪತ್ತೆಯಾದ ಕೂಡಲೇ ಅವನ್ನು ತೆಗೆದುಹಾಕಿದರು, ಆದರೆ ಅಂಥದ್ದು ನಡೆಯಬಲ್ಲದು ಎಂಬುದು ಸ್ಪಷ್ಟವಾಯಿತು. ಇನ್ನೊಂದು ಅಪಾಯ ಹಳೆಯ ಲೈಬ್ರರಿಗಳದ್ದು. ತಂತ್ರಾಂಶದ ಹಳೆಯ ಆವೃತ್ತಿಯೊಂದು ಓಪನ್‌ಎಸ್‌ಎಸ್‌ಎಲ್ 1.1 ಕೇಳಿದರೆ, ಅದನ್ನು ಹುಡುಕಿ ತಂದು ಹಾಕುವವರಿದ್ದಾರೆ. ಆ ಆವೃತ್ತಿಗೆ ಮೂಲ ತಂಡದ ಸಾಮಾನ್ಯ ಬೆಂಬಲ 2023ರ ಸೆಪ್ಟೆಂಬರಿನಲ್ಲೇ ಮುಗಿದಿದೆ. ಇಂಟರ್ನೆಟ್ ಸಂಪರ್ಕದ ಬೀಗವೇ ಹಳತಾದರೆ ಹಾಡಿನ ಫೈಲುಗಳಷ್ಟೇ ಅಲ್ಲ, ಬ್ಯಾಂಕಿನ ಪಾಸ್‌ವರ್ಡೂ ಅಪಾಯಕ್ಕೆ ಸಿಗುತ್ತದೆ. ನನ್ನ ವಾದಕ್ಕೆ ಇಲ್ಲೊಂದು ಗಡಿ ಹಾಕಲೇಬೇಕು. ತಂತ್ರಾಂಶವನ್ನು ತಯಾರಿಸಿದವರಿಂದಲೇ ಪಡೆಯಬೇಕು. ಲೈಬ್ರರಿಗಳನ್ನು ನಿಮ್ಮ ಡಿಸ್ಟ್ರೋದ ಭಂಡಾರದಿಂದಲೇ ಪಡೆಯಬೇಕು. ಇತರರು ಬರೆದ ಸ್ಕ್ರಿಪ್ಟನ್ನು ಓದಿ ಅರ್ಥವಾದರೆ ಮಾತ್ರ ಓಡಿಸಬೇಕು. ಇವು ಮೂರರಿಂದ ಕೆಲಸ ಆಗದಿದ್ದರೆ ಆ ತಂತ್ರಾಂಶ ನಿಮ್ಮ ಡಿಸ್ಟ್ರೋಗೆ ಆಗದು ಎಂದೇ ತಿಳಿಯಬೇಕು.

ಇನ್ನು, ಫ್ಲಾಟ್‌ಪ್ಯಾಕ್ ಇರುವಾಗ ಕಟ್ಟು ಬಿಚ್ಚುವ ಕೆಲಸವೇ ಯಾಕೆ ಎಂಬ ಮಾತು. ನಿಜ, ಮೊದಲು ಬಾಗಿಲು ತಟ್ಟಬೇಕಾದದ್ದು ಅಲ್ಲೇ. ಫ್ಲಾಟ್‌ಪ್ಯಾಕ್ ತನಗೆ ಬೇಕಾದ ಲೈಬ್ರರಿಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದರಿಂದ ಮೇಲೆ ಹೇಳಿದ ಹೆಸರಿನ ತಕರಾರು ಅಲ್ಲಿ ಏಳುವುದೇ ಇಲ್ಲ. ಆದರೆ ಅದು ತಂತ್ರಾಂಶವನ್ನು ಬೇಲಿಯೊಳಗೆ ಇಡುತ್ತದೆ. ಸಂಗೀತ ತಂತ್ರಾಂಶ ಒಂಟಿಯಾಗಿ ಬದುಕುವ ಜಾತಿಯದಲ್ಲ, ಅದಕ್ಕೆ ಹತ್ತಾರು ಪ್ಲಗಿನ್‌ಗಳ ಸಂಗ ಬೇಕು. ವಿಂಡೋಸ್‌ಗೆಂದು ಕೊಂಡ ಪ್ಲಗಿನ್‌ಗಳನ್ನು ವಿಂಡೋಸ್ ತಂತ್ರಾಂಶಗಳನ್ನು ಓಡಿಸುವ ವೈನ್ ಮೂಲಕ ಲಿನಕ್ಸ್‌ನಲ್ಲಿ ಬಳಸಿಕೊಡುವ ಯಾಬ್ರಿಜ್ ಎಂಬ ಸೇತುವೆ ಫ್ಲಾಟ್‌ಪ್ಯಾಕಿನ ಬೇಲಿ ದಾಟಲಾರದು. ಆ ಪ್ಲಗಿನ್‌ಗಳಿಗೆ ಆಗಲೇ ಹಣ ಹಾಕಿದವರಿಗೆ ನೇರ ಇನ್‌ಸ್ಟಾಲೇ ದಾರಿ. ಇವೆರಡರ ನಡುವೆ ಡಿಸ್ಟ್ರೋಬಾಕ್ಸ್ ಇದೆ. ಅದು ನಿಮ್ಮ ಫೆಡೋರಾದೊಳಗೆ ಉಬುಂಟುವಿನ ಚಿಕ್ಕ ಮನೆಯೊಂದನ್ನು ಕಟ್ಟಿ, ನಿಮ್ಮ ಫೋಲ್ಡರು, ಪರದೆ, ಶಬ್ದ ಎಲ್ಲವನ್ನೂ ಅದರ ಜೊತೆ ಹಂಚಿಕೊಳ್ಳುತ್ತದೆ. ಅಲ್ಲಿ ಡೆಬ್ ಫೈಲು ಉಬುಂಟುವಿನಲ್ಲಿ ಕೂತಷ್ಟೇ ಸಲೀಸಾಗಿ ಕೂರುತ್ತದೆ. ಮೊದಲ ಸರದಿಯ ಹಕ್ಕು ಆ ಮನೆಯೊಳಗೆ ದಾಟುವಲ್ಲಿ ಕೆಲವೊಮ್ಮೆ ತೊಡಕಾಗುತ್ತದೆ, ಹಾಡುವಾಗ ತಡ ಕಾಣಿಸಿದರೆ ಮೊದಲು ಅದನ್ನೇ ನೋಡಬೇಕು. ಮಾಡಬಾರದ ಕೆಲಸಗಳು ಎರಡಿವೆ. ಅವಲಂಬನೆಗಳನ್ನು ಲೆಕ್ಕಿಸಬೇಡ ಎಂದು ಪ್ಯಾಕೇಜ್ ವ್ಯವಸ್ಥೆಗೆ ಬಲವಂತದ ಆದೇಶ ಕೊಟ್ಟು ಡೆಬ್ ಕೂರಿಸುವುದು, ಡೆಬಿಯನ್‌ಗೆ ಉಬುಂಟುವಿನ ಭಂಡಾರ ಸೇರಿಸುವುದು. ಡೆಬಿಯನ್ ತಂಡವೇ ಇಂಥ ಬೆರಕೆಯ ವಿರುದ್ಧ ಬಹಳ ಹಿಂದಿನಿಂದ ಎಚ್ಚರಿಸುತ್ತಿದೆ. ಅಂದು ಕೆಲಸ ಆದಂತೆ ಕಂಡರೂ ಮುಂದಿನ ಅಪ್‌ಡೇಟ್‌ನಲ್ಲಿ ಇಡೀ ವ್ಯವಸ್ಥೆ ಸಿಕ್ಕುಗಟ್ಟಬಹುದು.

ಪಟ್ಟಿಯಾಚೆಗೆ ಹೋದವರು ತೆರುವ ನಿಜವಾದ ಬೆಲೆ ಅಪ್‌ಡೇಟಿನದ್ದು. ಕೈಯಿಂದ ಬಿಚ್ಚಿಟ್ಟ ತಂತ್ರಾಂಶ ತಾನಾಗಿ ಹೊಸದಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಬದಲಾಗುವ ಫೆಡೋರಾದಂಥ ಡಿಸ್ಟ್ರೋದಲ್ಲಿ ನಿನ್ನೆ ತೆರೆದದ್ದು ಇಂದು ತೆರೆಯದಿರಬಹುದು. ಈ ಬೆಲೆಯನ್ನು ಕಡಿಮೆ ಮಾಡಿಕೊಳ್ಳಬಹುದು, ಇಲ್ಲವಾಗಿಸಲಾಗದು. ಒಂದು ಹಾಡು ಅರ್ಧಕ್ಕಿರುವಾಗ ಡಿಸ್ಟ್ರೋವನ್ನಾಗಲಿ ತಂತ್ರಾಂಶವನ್ನಾಗಲಿ ಮೇಲ್ದರ್ಜೆಗೆ ಏರಿಸಬೇಡಿ. ಹಳೆಯ ಆವೃತ್ತಿಯ ಫೋಲ್ಡರನ್ನು ಹೊಸದು ಸರಿಯಾಗಿ ಓಡುವ ತನಕ ಅಳಿಸಬೇಡಿ. ಹಾಡು ಮುಗಿದ ಮೇಲೆ ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆ ವೇವ್ ಫೈಲಾಗಿ ತೆಗೆದಿಟ್ಟುಕೊಳ್ಳಿ. ತಂತ್ರಾಂಶವೇ ಕೈಕೊಟ್ಟರೂ ಹಾಡು ಉಳಿಯುತ್ತದೆ. ಸ್ಟುಡಿಯೊ ನಡೆಸಿ, ಗಂಟೆ ಲೆಕ್ಕದಲ್ಲಿ ಹಣ ಪಡೆದು, ಕಲಾವಿದರನ್ನು ಕಾಯಿಸಲಾಗದ ವೃತ್ತಿಯಲ್ಲಿರುವವರಿಗೆ ಈ ದಾರಿಯನ್ನು ನಾನು ಹೇಳುವುದಿಲ್ಲ. ಅವರು ಪಟ್ಟಿಯಲ್ಲಿರುವ ಡಿಸ್ಟ್ರೋವನ್ನೇ ಬಳಸಬೇಕು.

ಉಳಿದವರು ಹಣ ಕೊಡುವ ಮುಂಚೆ ಓಡಿಸಿ ನೋಡಿ. ಬಿಟ್‌ವಿಗ್‌ಗೆ ಡೆಮೊ ಇದೆ, ರೀಪರ್ 60 ದಿನ ಪರೀಕ್ಷಿಸಿ ನೋಡಲು ಬಿಡುತ್ತದೆ. ನಿಮ್ಮ ಮೈಕು, ನಿಮ್ಮ ಆಡಿಯೋ ಇಂಟರ್‌ಫೇಸ್, ನಿಮಗೆ ಬೇಕಾದ ಪ್ಲಗಿನ್‌ಗಳನ್ನೆಲ್ಲ ಜೋಡಿಸಿ ಒಂದು ಇಡೀ ಹಾಡನ್ನು ರೆಕಾರ್ಡ್ ಮಾಡಿ ಒಡಕಿಲ್ಲದೆ ಕೇಳಿದರೆ ಲೈಸೆನ್ಸ್ ಕೊಳ್ಳಿ, ಇಲ್ಲವಾದರೆ ಬಿಡಿ. ಕೊಂಡ ಮೇಲೆ ಯಾವ ಡಿಸ್ಟ್ರೋದಲ್ಲಿ, ಯಾವ ಆವೃತ್ತಿಯಲ್ಲಿ, ಯಾವ ಲೈಬ್ರರಿಯ ತೊಡಕು ದಾಟಿ ಓಡಿಸಿದಿರಿ ಎಂದು ಕಂಪನಿಗೆ ನಾಲ್ಕು ಸಾಲು ಬರೆದು ತಿಳಿಸಿ. ಹಣ ಕೊಟ್ಟು ಕೊಂಡವರು ತಮ್ಮ ಡಿಸ್ಟ್ರೋದ ಹೆಸರು ಹೇಳಿದರೆ ಮಾತ್ರ ಅದನ್ನೂ ಪರೀಕ್ಷಿಸಲು ಕಂಪನಿಗೆ ಕಾರಣ ಸಿಗುತ್ತದೆ.